ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕುವ ಪದವಿ ವಿದ್ಯಾರ್ಥಿಗಳಿಗೆ

ಬೆಂಗಳೂರಿನ ಸದಾಶಿವನಗರದಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯ ಮಗ್ಗುಲಲ್ಲೇ, ಭಾರತೀಯ ವಿಜ್ಞಾನ ಅಕಾಡೆಮಿಯ ಕಚೇರಿಯಿದೆ. ಸಿ.ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಈ ಅಕಾಡೆಮಿಯು ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತು ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಜೊತೆಗೂಡಿ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹಾಗೂ ಕಾಲೇಜು ಅಧ್ಯಾಪಕರಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿದೆ. ಆಯ್ಕೆಯಾದ ವಿದ್ಯಾರ್ಥಿಯು ದೇಶದ ಯಾವುದಾದರೊಂದು ಸಂಶೋಧನಾ ಸಂಸ್ಥೆಯಲ್ಲಿ, ಒಬ್ಬ ಅನುಭವಿ ವಿಜ್ಞಾನಿಯ ಮಾರ್ಗದರ್ಶನದಲ್ಲಿ, ಎರಡು ತಿಂಗಳು ಕೆಲಸ ಮಾಡುತ್ತಾನೆ ಅಥವಾ ಮಾಡುತ್ತಾಳೆ. ಅದಕ್ಕೆ ಶಿಷ್ಯವೇತನವೂ ಪ್ರಯಾಣ ವೆಚ್ಚದ ನೆರವೂ ದೊರೆಯುತ್ತವೆ.

ನಾನು ಜಿಲ್ಲಾ ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷವೂ ನವೆಂಬರ್ ಬಂತೆಂದರೆ ಇಬ್ಬರು ಮೂವರು ವಿದ್ಯಾರ್ಥಿಗಳು ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಉಳಿದಿರುವಾಗ ಸ್ಟಾಫ್ ರೂಮಿಗೆ ಓಡಿ ಬಂದು ಶಿಫಾರಸು ಪತ್ರ ಕೇಳುತ್ತಾರೆ. ಅವರಿಗಿಂತ ಚೆನ್ನಾಗಿ ಓದುವ, ಪ್ರಯೋಗಾಲಯದಲ್ಲಿ ಕೈ ಪಳಗಿದ ಇನ್ನು ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ‘ಇದೆಲ್ಲ ಬೆಂಗಳೂರಿನ ಕಾಲೇಜಿನವರಿಗೆ ಸರ್, ನಮ್ಮಂಥವರಿಗಲ್ಲ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅದಕ್ಕೆ ಒಮ್ಮೆ ವಿವರವಾಗಿ ಉತ್ತರ ಬರೆಯಬೇಕು ಅನ್ನಿಸಿತು. ಇಂಥ ಅರ್ಜಿಯಲ್ಲಿ ಅಂಕಗಳು ಒಂದು ಭಾಗ ಮಾತ್ರ. ಉಳಿದದ್ದು ಒಂದು ಸಣ್ಣ ಪ್ರಶ್ನೆಯನ್ನು ಕಂಡುಕೊಂಡು, ಅದನ್ನು ತಿಳಿದವರೆದುರು ಪ್ರಾಮಾಣಿಕವಾಗಿ ಇಡುವ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಕಾಲಾವಕಾಶ. ಅದನ್ನು ಯಾವ ಊರಿನ ವಿದ್ಯಾರ್ಥಿಯಾದರೂ ಮಾಡಿಕೊಳ್ಳಬಹುದು.

ಯಾವ ಕಾರ್ಯಕ್ರಮ, ಯಾರಿಗೆ

ಮೂರು ಅಕಾಡೆಮಿಗಳ ಫೆಲೋಶಿಪ್ ಒಂದನ್ನೇ ನಂಬಿ ಕೂರಬೇಕಾಗಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಆದ ಬೇಸಿಗೆ ಫೆಲೋಶಿಪ್ ಇದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಸಂದರ್ಶಕ ವಿದ್ಯಾರ್ಥಿಗಳ ಕಾರ್ಯಕ್ರಮ ನಡೆಸುತ್ತದೆ. ಅದರ ಅಂಗವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಪದವಿಯ ಆರಂಭದ ವರ್ಷಗಳಲ್ಲಿರುವವರಿಗಾಗಿಯೇ ‘ನಿಯಸ್’ (NIUS) ಎಂಬ ಕಾರ್ಯಕ್ರಮವನ್ನು 2004ರಿಂದ ನಡೆಸುತ್ತಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗಳಲ್ಲೂ ಹೊರಗಿನ ವಿದ್ಯಾರ್ಥಿಗಳಿಗೆ ಅವಕಾಶವಿದೆ. ಎಂಬಿಬಿಎಸ್ ಮತ್ತು ಬಿಡಿಎಸ್ ಓದುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಅಲ್ಪಾವಧಿ ವಿದ್ಯಾರ್ಥಿವೇತನ ಬೇರೆಯೇ ಇದೆ. ಅದರಲ್ಲಿ ಗೈಡ್ ತಮ್ಮದೇ ಕಾಲೇಜಿನ ಅಧ್ಯಾಪಕರಾಗಿರಬೇಕು ಮತ್ತು ಮಾನವರ ಮೇಲಿನ ಅಧ್ಯಯನಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇವುಗಳ ಗಡುವು, ಅರ್ಹತೆ, ನಮೂನೆಗಳು ಒಂದರಂತೆ ಒಂದಿಲ್ಲ. ಆದ್ದರಿಂದ ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಪ್ರಕಟಣೆಯನ್ನೇ ಓದಬೇಕು. ಸೀನಿಯರ್ ಒಬ್ಬರು ಎರಡು ವರ್ಷದ ಹಿಂದೆ ಹೇಳಿದ ಮಾತಿನ ಮೇಲೆ ಅರ್ಜಿ ತುಂಬಬಾರದು.

ದುಡ್ಡು ಕಟ್ಟಿಸಿಕೊಂಡು ‘ಇಂಟರ್ನ್‌ಶಿಪ್’ ಪ್ರಮಾಣಪತ್ರ ಕೊಡುವ ಕಂಪನಿಗಳ ಜಾಹೀರಾತು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತದೆ. ಮೇಲೆ ಹೇಳಿದ ಕಾರ್ಯಕ್ರಮಗಳಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಸಂಶೋಧನೆ ಕಲಿಸುತ್ತೇವೆಂದು ಸಾವಿರಗಟ್ಟಲೆ ಶುಲ್ಕ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಈಚೆಗೆ ಒಬ್ಬ ವಿದ್ಯಾರ್ಥಿನಿಯ ತಂದೆ ಸಾಲ ಮಾಡಿ ಅಂಥದೊಂದಕ್ಕೆ ಹಣ ಕಟ್ಟಿದ್ದು ತಿಳಿದು ನನಗೆ ಬಹಳ ಸಂಕಟವಾಯಿತು. ಆ ಹುಡುಗಿಗೆ ಸಿಕ್ಕಿದ್ದು ಕೆಲವು ವಿಡಿಯೊಗಳು ಮತ್ತು ಒಂದು ಕಾಗದ.

ಮಳೆಗಾಲದಲ್ಲೇ ಆರಂಭಿಸಿ

ಅಕಾಡೆಮಿಗಳ ಫೆಲೋಶಿಪ್‌ಗೆ ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್ ಹೊತ್ತಿಗೆ ಅರ್ಜಿ ಕರೆಯುತ್ತಾರೆ. ಹೆಸರಿನಲ್ಲಿ ಬೇಸಿಗೆ ಎಂದಿರುವುದರಿಂದ ಮಾರ್ಚ್‌ನಲ್ಲಿ ವಿಚಾರಿಸಿದರಾಯಿತು ಎಂದುಕೊಂಡವರಿಗೆ ಆ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ಸಿದ್ಧತೆಯನ್ನು ಜುಲೈ–ಆಗಸ್ಟ್‌ನಲ್ಲಿ ಶುರುಮಾಡುವುದು ಒಳ್ಳೆಯದು. ಆ ತಿಂಗಳುಗಳಲ್ಲಿ ಅರ್ಜಿ ನಮೂನೆಯ ಚಿಂತೆ ಬೇಡ. ನಿಮಗೆ ಯಾವ ವಿಷಯ ನಿಜವಾಗಿ ಹಿಡಿಸುತ್ತದೆ ಎಂಬುದನ್ನು ತಿಳಿಯಲು ಓದಿ.

ಏನನ್ನು ಓದಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ‘ರೆಸೊನೆನ್ಸ್’ ಪತ್ರಿಕೆಯನ್ನು. ಭಾರತೀಯ ವಿಜ್ಞಾನ ಅಕಾಡೆಮಿಯೇ 1996ರಿಂದ ಪ್ರತಿ ತಿಂಗಳು ಹೊರತರುತ್ತಿರುವ ಈ ಪತ್ರಿಕೆ ಪದವಿ ಮಟ್ಟದ ಓದುಗರಿಗಾಗಿಯೇ ಇರುವಂಥದ್ದು. ಅದರ ಹಳೆಯ ಸಂಚಿಕೆಗಳೆಲ್ಲ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸಂಶೋಧನಾ ಪ್ರಬಂಧಗಳನ್ನು ನೇರವಾಗಿ ಓದಲು ಹೊರಟರೆ ಎರಡನೆಯ ಪುಟದಲ್ಲೇ ಕೈಚೆಲ್ಲುವಂತಾಗುವುದು ಸಹಜ. ರೆಸೊನೆನ್ಸ್‌ನ ಒಂದು ಲೇಖನವನ್ನು ಪೂರ್ತಿ ಓದಿ, ಅದರ ಕೊನೆಯಲ್ಲಿ ಸೂಚಿಸಿದ ಓದಿನಲ್ಲಿ ಒಂದನ್ನು ಹುಡುಕಿಕೊಂಡು ಹೋದರೆ ದಾರಿ ತಾನಾಗಿ ಮುಂದುವರಿಯುತ್ತದೆ. ಭೌತಶಾಸ್ತ್ರ ಮತ್ತು ಗಣಿತದವರಿಗೆ ‘ಆರ್ಕೈವ್’ (arXiv) ಎಂಬ ಜಾಲತಾಣದಲ್ಲಿ ಪ್ರಬಂಧಗಳ ಕರಡು ಪ್ರತಿಗಳು ಹಣ ಕೊಡದೆಯೇ ಸಿಗುತ್ತವೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ ನೋಡಬಹುದು, ಅವುಗಳ ಮೊದಲ ಅಧ್ಯಾಯದಲ್ಲಿ ಆ ವಿಷಯದ ಹಿನ್ನೆಲೆ ನಿಧಾನವಾಗಿ ಬಿಡಿಸಿಟ್ಟಿರುವುದರಿಂದ, ಹೊಸಬರಿಗೆ ಸಣ್ಣ ಪ್ರಬಂಧಕ್ಕಿಂತ ಅದು ಸುಲಭ.

ಓದುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡು, ಅರ್ಥವಾಗದೆ ಉಳಿದದ್ದನ್ನು ಬರೆದಿಡಿ. ‘ಇದು ಹೀಗೇಕೆ?’ ಎಂದು ನೀವು ಗೀಚಿಟ್ಟ ಸಾಲುಗಳೇ ಎರಡು ತಿಂಗಳ ನಂತರ ಅರ್ಜಿಯ ತಿರುಳಾಗುತ್ತವೆ.

ಅರ್ಜಿಯ ಬರಹ

ಅರ್ಜಿಯಲ್ಲಿ, ಫೆಲೋಶಿಪ್ ದೊರೆತರೆ ಎರಡು ತಿಂಗಳು ಏನು ಮಾಡಬಯಸುತ್ತೀರಿ ಎಂಬುದನ್ನು ಕೆಲವೇ ನೂರು ಪದಗಳಲ್ಲಿ ಬರೆಯಬೇಕಾಗುತ್ತದೆ. ನನ್ನ ಅನುಭವದಲ್ಲಿ ಅರ್ಜಿಯ ಬೇರೆಲ್ಲ ಭಾಗಗಳಿಗೆ ಸೇರಿ ಎಷ್ಟು ಸಮಯ ಬೇಕೋ ಅದರ ಮೂರು ಪಟ್ಟು ಇದಕ್ಕೆ ಬೇಕು. ಒಂದೇ ಬಗೆಯ ಅಂಕಗಳಿರುವ ನೂರಾರು ವಿದ್ಯಾರ್ಥಿಗಳ ನಡುವೆ ನಿಮ್ಮ ದನಿ ಕೇಳುವುದು ಈ ಒಂದು ಜಾಗದಲ್ಲಿ.

ಮೊದಲ ಕರಡಿನಲ್ಲಿ ಬಹುತೇಕ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ವಿಷಯವನ್ನು ಆಕಾಶದಷ್ಟು ದೊಡ್ಡದು ಮಾಡುತ್ತಾರೆ. ‘ನ್ಯಾನೊ ತಂತ್ರಜ್ಞಾನದ ಮೂಲಕ ಜಲಮಾಲಿನ್ಯಕ್ಕೆ ಶಾಶ್ವತ ಪರಿಹಾರ ಕಂಡುಹಿಡಿಯುವುದು ನನ್ನ ಗುರಿ’ ಎಂದು ಬರೆದರೆ, ಅದನ್ನು ಓದುವ ವಿಜ್ಞಾನಿಗೆ ಈ ವಿದ್ಯಾರ್ಥಿ ಏನನ್ನು ಓದಿದ್ದಾನೆ, ಎಲ್ಲಿ ತಡೆದು ನಿಂತಿದ್ದಾನೆ ಎಂಬುದು ತಿಳಿಯುವುದೇ ಇಲ್ಲ. ಎರಡು ತಿಂಗಳಲ್ಲಿ ಯಾರೂ ಜಲಮಾಲಿನ್ಯವನ್ನು ನಿವಾರಿಸಲಾರರು ಎಂಬುದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು.

ಅದೇ ವಿಷಯವನ್ನು ಕಿರಿದು ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಪಾವಗಡದ ಕಡೆಯ ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಎಂದುಕೊಳ್ಳೋಣ. ಅವಳ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎಂಬುದು ಭಾರತೀಯ ಮಾನಕ ಬ್ಯೂರೊದ ನಿಯಮ. ಫ್ಲೋರೈಡನ್ನು ತೆಗೆಯಲು ಸಕ್ರಿಯ ಅಲ್ಯುಮಿನ, ಅಂದರೆ ಸಣ್ಣ ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್, ಬಳಸುತ್ತಾರೆ ಎಂಬುದನ್ನು ಅವಳು ಓದಿದ್ದಾಳೆ. ಇಷ್ಟು ಎಲ್ಲರಿಗೂ ಸಿಗುವ ಮಾಹಿತಿ. ಮುಂದೆ ಓದಿದಾಗ ಅವಳಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಸಕ್ರಿಯ ಅಲ್ಯುಮಿನವು ನೀರು ತುಸು ಆಮ್ಲೀಯವಾಗಿದ್ದಾಗ ಫ್ಲೋರೈಡನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಬೈಕಾರ್ಬೊನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಆ ಸಾಮರ್ಥ್ಯ ಇಳಿಯುತ್ತದೆ. ಅವಳ ಊರಿನ ನೀರು ಇರುವುದೇ ಹಾಗೆ. ಈಗ ಪ್ರಶ್ನೆ ಹುಟ್ಟಿತು. ಬಟ್ಟಿ ಇಳಿಸಿದ ನೀರಿಗೆ ಫ್ಲೋರೈಡ್ ಬೆರೆಸಿ ಮಾಡಿದ ಪ್ರಯೋಗದಲ್ಲಿ ಕಾಣುವ ಹೀರುವಿಕೆಗೂ, ನಿಜವಾದ ಕೊಳವೆಬಾವಿಯ ನೀರಿನಲ್ಲಿ ಕಾಣುವ ಹೀರುವಿಕೆಗೂ ಎಷ್ಟು ಅಂತರವಿದೆ? ಆ ಅಂತರದಲ್ಲಿ ಪಿಎಚ್‌ನ ಪಾಲೆಷ್ಟು, ಬೈಕಾರ್ಬೊನೇಟಿನ ಪಾಲೆಷ್ಟು? ಇದನ್ನು ಬೇರ್ಪಡಿಸಿ ಅಳೆಯಲು ಎರಡು ಬಗೆಯ ನೀರು, ಒಂದು ಫ್ಲೋರೈಡ್ ಎಲೆಕ್ಟ್ರೋಡ್, ಒಂದು ಪಿಎಚ್ ಮೀಟರ್ ಇದ್ದರೆ ಎಂಟು ವಾರಗಳಲ್ಲಿ ಏನಾದರೂ ಒಂದು ಉತ್ತರ ಸಿಕ್ಕೀತು.

ಹೀಗೆ ಬರೆದ ಅರ್ಜಿಯನ್ನು ಓದುವವರಿಗೆ ಮೂರು ವಿಷಯಗಳು ಒಟ್ಟಿಗೇ ತಿಳಿಯುತ್ತವೆ. ವಿದ್ಯಾರ್ಥಿನಿ ಏನನ್ನು ಓದಿದ್ದಾಳೆ, ಯಾವುದು ಅವಳಿಗೆ ಬಗೆಹರಿದಿಲ್ಲ, ಮತ್ತು ಅದನ್ನು ಬಗೆಹರಿಸಲು ಪ್ರಯೋಗಾಲಯದಲ್ಲಿ ಕೈಯಾರೆ ಏನು ಮಾಡಬೇಕೆಂಬ ಅಂದಾಜು ಅವಳಿಗಿದೆ. ಅವಳು ಹೇಳಿದ ಯೋಜನೆಯನ್ನೇ ಗೈಡ್ ಕೊಡುತ್ತಾರೆ ಎಂದೇನೂ ಇಲ್ಲ. ಸಾಮಾನ್ಯವಾಗಿ ತಮ್ಮ ಪ್ರಯೋಗಾಲಯದಲ್ಲಿ ಆಗ ನಡೆಯುತ್ತಿರುವ ಕೆಲಸದ ಒಂದು ತುಣುಕನ್ನು ಕೊಡುತ್ತಾರೆ. ಬರಹದಿಂದ ಅವರು ಅಳೆಯುವುದು ಅವಳು ಯೋಚಿಸುವ ರೀತಿಯನ್ನು.

ನಮ್ಮ ಬಹುಪಾಲು ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ದೊಡ್ಡ ತೊಡಕು ಎದುರಾಗುತ್ತದೆ. ಅರ್ಜಿ ಇಂಗ್ಲಿಷಿನಲ್ಲಿರಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬರೆಯಲು ಕುಳಿತ ಕೂಡಲೇ ತಮ್ಮ ಯೋಚನೆಯನ್ನು ಬಿಟ್ಟು, ಎಲ್ಲೋ ಕಂಡ ದೊಡ್ಡ ದೊಡ್ಡ ಪದಗಳನ್ನು ಜೋಡಿಸತೊಡಗುತ್ತಾರೆ. ನಾನು ಅವರಿಗೆ ಮೊದಲು ಕನ್ನಡದಲ್ಲೇ ಬರೆಯಿಸುತ್ತೇನೆ. ಊರಿನಲ್ಲಿರುವ ಅಣ್ಣನಿಗೋ ಅಕ್ಕನಿಗೋ ವಿವರಿಸುವಂತೆ, ‘ನಾನು ಕೇಳುತ್ತಿರುವ ಪ್ರಶ್ನೆ ಇದು, ಇದು ಇನ್ನೂ ಯಾಕೆ ಬಗೆಹರಿದಿಲ್ಲವೆಂದರೆ ಹೀಗೆ, ನಾನು ಮಾಡಬೇಕೆಂದಿರುವುದು ಇಷ್ಟು’ ಎಂದು ಒಂದು ಪುಟ ಬರೆದರೆ, ತಿಳಿದದ್ದು ಎಷ್ಟು, ತಿಳಿಯದ್ದು ಎಷ್ಟು ಎಂಬುದು ಬರೆದವರಿಗೇ ಸ್ಪಷ್ಟವಾಗುತ್ತದೆ. ಆಮೇಲೆ ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೊಸದಾಗಿ ಬರೆದು, ಇಂಗ್ಲಿಷ್ ವಿಭಾಗದ ಅಧ್ಯಾಪಕರೊಬ್ಬರಿಗೆ ವ್ಯಾಕರಣಕ್ಕಾಗಿ ಮಾತ್ರ ತೋರಿಸಬೇಕು. ಸರಳವಾದ ಇಂಗ್ಲಿಷಿನಲ್ಲಿ ಖಚಿತವಾದ ಪ್ರಶ್ನೆಯೊಂದಿದ್ದರೆ ಅದಕ್ಕೆ ಯಾವ ಅಲಂಕಾರವೂ ಬೇಡ.

ಈ ಬರಹವನ್ನು ಕಂಪ್ಯೂಟರಿನ ಚಾಟ್‌ಬಾಟ್‌ಗೆ ವಹಿಸಿ ಬರೆಯಿಸಿಕೊಳ್ಳುವ ಅಭ್ಯಾಸ ಈಗ ಶುರುವಾಗಿದೆ. ಹಾಗೆ ಬಂದ ಬರಹಗಳು ಒಂದರಂತೆ ಒಂದಿರುತ್ತವೆ ಎಂಬುದು ಒಂದು ತೊಂದರೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ನಾಳೆ ಗೈಡ್ ಫೋನಿನಲ್ಲಿ ‘ನೀವು ಬರೆದ ಈ ವಾಕ್ಯದ ಅರ್ಥವೇನು?’ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ನೀವು. ಇನ್ನೊಬ್ಬರ ಪ್ರಬಂಧದಿಂದ ಸಾಲುಗಳನ್ನು ನಕಲು ಮಾಡುವುದಂತೂ ಸಂಶೋಧನೆಯ ಲೋಕದಲ್ಲಿ ಅಪರಾಧವೆಂದೇ ಎಣಿಸಲ್ಪಡುತ್ತದೆ.

ಗೈಡ್ ಆಯ್ಕೆ

ಅಕಾಡೆಮಿಗಳ ಕಾರ್ಯಕ್ರಮದಲ್ಲಿ ಮಾರ್ಗದರ್ಶನ ನೀಡಲು ಒಪ್ಪಿರುವ ವಿಜ್ಞಾನಿಗಳ ಪಟ್ಟಿಯಿಂದ ನಿಮ್ಮ ಆಯ್ಕೆಯನ್ನು ಸೂಚಿಸಬೇಕಾಗುತ್ತದೆ. ಎಲ್ಲರೂ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯ, ನಾಲ್ಕಾರು ಹೆಸರುಗಳನ್ನೇ ಬರೆದು ಸುಮ್ಮನಾಗುವುದನ್ನು ನಾನು ನೋಡಿದ್ದೇನೆ. ಒಬ್ಬ ಗೈಡ್ ಒಂದು ಬೇಸಿಗೆಯಲ್ಲಿ ತೆಗೆದುಕೊಳ್ಳಬಲ್ಲ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಪುಣೆ, ತಿರುಪತಿ, ತಿರುವನಂತಪುರಗಳಲ್ಲಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಅಂದರೆ ಐಸರ್‌ಗಳು, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ವಿಶ್ವವಿದ್ಯಾಲಯಗಳ ವಿಭಾಗಗಳು, ಇಂಥ ಕಡೆಗಳಲ್ಲಿರುವ ವಿಜ್ಞಾನಿಗಳನ್ನೂ ಗಮನಿಸಿ. ಎರಡು ತಿಂಗಳಲ್ಲಿ ನೀವು ಕಲಿಯುವುದು ಗೈಡ್ ಮತ್ತು ಅವರ ಪಿಎಚ್‌ಡಿ ವಿದ್ಯಾರ್ಥಿಗಳು ನಿಮಗೆ ಕೊಡುವ ಸಮಯದಿಂದ. ಕಟ್ಟಡದ ಹೆಸರು ಅದನ್ನು ಕೊಡಲಾರದು.

ಹೆಸರು ಸೂಚಿಸುವ ಮೊದಲು ಆ ವಿಜ್ಞಾನಿಯ ಪುಟವನ್ನು ತೆರೆದು, ಕಳೆದ ಎರಡು ಮೂರು ವರ್ಷಗಳ ಒಂದಾದರೂ ಪ್ರಬಂಧದ ಸಾರಾಂಶವನ್ನೂ ಮುಖ್ಯ ಚಿತ್ರವನ್ನೂ ನೋಡಿ. ಅವರ ಕೆಲಸ ಪ್ರಯೋಗವೋ, ಸಿದ್ಧಾಂತವೋ, ಕಂಪ್ಯೂಟರ್ ಲೆಕ್ಕಾಚಾರವೋ ಎಂಬುದು ಗೊತ್ತಿರಬೇಕು. ಪೈಥಾನ್‌ನಲ್ಲಿ ಒಂದು ಸಾಲನ್ನೂ ಬರೆಯದವರು ಪೂರ್ತಿ ಗಣಕ ಆಧಾರಿತ ಗುಂಪನ್ನು ಆರಿಸಿಕೊಂಡರೆ ಮೊದಲ ತಿಂಗಳು ಅದನ್ನು ಕಲಿಯುವುದರಲ್ಲೇ ಕಳೆಯುತ್ತದೆ. ಹಾಗೆ ಆರಿಸುವುದಾದರೆ ಮಳೆಗಾಲದಲ್ಲೇ ಕಲಿಕೆ ಶುರುವಾಗಲಿ. ಹತ್ತಿರದಲ್ಲೇ ಇರುವುದನ್ನೂ ಮರೆಯಬೇಡಿ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ ರೇಡಿಯೊ ದೂರದರ್ಶಕವಿದೆ. ಆ ತಾಲ್ಲೂಕಿನಿಂದಲೇ ಬಂದ, ಖಗೋಳದ ಹುಚ್ಚಿದ್ದ ಹುಡುಗನೊಬ್ಬನಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ತಿಳಿದ ದಿನ ಅವನ ಮುಖ ಅರಳಿದ್ದು ನನಗೆ ಇಂದಿಗೂ ನೆನಪಿದೆ.

ಕೆಲವು ಸಂಸ್ಥೆಗಳಲ್ಲಿ ವಿಜ್ಞಾನಿಗೆ ನೀವೇ ಇಮೇಲ್ ಬರೆದು ಒಪ್ಪಿಗೆ ಪಡೆಯಬೇಕು. ಒಂದೇ ಪತ್ರವನ್ನು ಐವತ್ತು ಮಂದಿಗೆ ಕಳುಹಿಸಿದರೆ ಒಂದೂ ಉತ್ತರ ಬಾರದಿರುವುದು ಆಶ್ಚರ್ಯವಲ್ಲ; ‘ಗೌರವಾನ್ವಿತ ಸರ್’ ಎಂದು ಶುರುವಾದ ಪತ್ರ ಮಹಿಳಾ ವಿಜ್ಞಾನಿಯೊಬ್ಬರಿಗೆ ಹೋದದ್ದೂ ಉಂಟು. ಪತ್ರ ಹತ್ತು ಹನ್ನೆರಡು ಸಾಲು ಮೀರದಿರಲಿ. ನೀವು ಯಾರು, ಯಾವ ಸೆಮಿಸ್ಟರ್, ಯಾವ ಕಾಲೇಜು ಎಂಬುದು ಒಂದು ವಾಕ್ಯದಲ್ಲಿ ಮುಗಿಯಲಿ. ಅವರ ಯಾವ ಕೆಲಸವನ್ನು ಓದಿದಿರಿ, ಅದರಲ್ಲಿ ನಿಮಗೆ ಮೂಡಿದ ಪ್ರಶ್ನೆ ಯಾವುದು ಎಂಬುದಕ್ಕೆ ಮೂರು ನಾಲ್ಕು ವಾಕ್ಯಗಳು ಮೀಸಲಾಗಲಿ. ಯಾವ ತಿಂಗಳುಗಳಲ್ಲಿ ಬರಬಲ್ಲಿರಿ ಎಂಬುದನ್ನು ದಿನಾಂಕ ಸಹಿತ ತಿಳಿಸಿ, ಒಂದು ಪುಟದ ಸ್ವವಿವರ ಮತ್ತು ಅಂಕಪಟ್ಟಿಯನ್ನು ಲಗತ್ತಿಸಿ. ಎರಡು ವಾರ ಕಾದರೂ ಉತ್ತರ ಬರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಇನ್ನೊಬ್ಬರಿಗೆ ಬರೆಯಿರಿ. ಅವರಿಗೆ ಬರುವ ಪತ್ರಗಳ ರಾಶಿ ದೊಡ್ಡದು, ಅದನ್ನು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿಯಬೇಕಾಗಿಲ್ಲ.

ಶಿಫಾರಸು ಪತ್ರ

ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿದ ಅಧ್ಯಾಪಕರನ್ನು ಕೇಳಿ. ಪ್ರಾಂಶುಪಾಲರ ಅಥವಾ ವಿಭಾಗದ ಮುಖ್ಯಸ್ಥರ ಹುದ್ದೆ ದೊಡ್ಡದೆಂದು ಅವರ ಬಳಿ ಹೋದರೆ, ಅವರಿಗೆ ನಿಮ್ಮ ಹೆಸರೇ ನೆನಪಿಲ್ಲದಿದ್ದಲ್ಲಿ ಪತ್ರದಲ್ಲಿ ‘ಶ್ರಮಜೀವಿ, ಸದ್ಗುಣಿ, ಶಿಸ್ತುಳ್ಳ ವಿದ್ಯಾರ್ಥಿ’ ಎಂಬುದರಾಚೆಗೆ ಏನೂ ಇರುವುದಿಲ್ಲ. ಅತಿಥಿ ಉಪನ್ಯಾಸಕರೇ ಆಗಿರಲಿ, ಪ್ರಾಯೋಗಿಕ ತರಗತಿಯಲ್ಲಿ ಟೈಟ್ರೇಶನ್ನಿನ ಓದಿಕೆ ಮೂರು ಸಲ ಹೊಂದದೆ ಹೋದಾಗ ನೀವು ದ್ರಾವಣವನ್ನು ಹೊಸದಾಗಿ ತಯಾರಿಸಿ ನಾಲ್ಕನೆಯ ಸಲ ಮಾಡಿದ್ದನ್ನು ನೋಡಿದವರು ಬರೆದ ಪತ್ರಕ್ಕೆ ತೂಕ ಹೆಚ್ಚು.

ಕನಿಷ್ಠ ಮೂರು ವಾರ ಮುಂಚೆ ಕೇಳಿ. ಸಮಯವಿಲ್ಲದ ಕಾರಣಕ್ಕೆ ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ರೂಢಿ ನಮ್ಮ ಅನೇಕ ಕಾಲೇಜುಗಳಲ್ಲಿ ಬೇರೂರಿದೆ. ಇದು ವಿದ್ಯಾರ್ಥಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ತನ್ನನ್ನು ತಾನು ಹೊಗಳಿಕೊಳ್ಳಲು ಬಾರದ ಹುಡುಗ ಹುಡುಗಿಯರು ಅಲ್ಲಿ ಸೋಲುತ್ತಾರೆ. ನಿಮಗೂ ಹಾಗೆ ಹೇಳಿದರೆ, ಪತ್ರದ ಬದಲಿಗೆ ಒಂದು ಪುಟದ ಮಾಹಿತಿಯನ್ನು ಕೊಡಿ: ಅವರ ಬಳಿ ಯಾವ ವಿಷಯಗಳನ್ನು ಓದಿದಿರಿ, ಯಾವ ಸೆಮಿನಾರ್ ಕೊಟ್ಟಿರಿ, ಯಾವ ಪ್ರಯೋಗದಲ್ಲಿ ಏನಾಯಿತು, ಯಾವ ಕಾರ್ಯಕ್ರಮಕ್ಕೆ ಅರ್ಜಿ ಹಾಕುತ್ತಿದ್ದೀರಿ, ಕೊನೆಯ ದಿನಾಂಕ ಯಾವುದು. ಜೊತೆಗೆ ನಿಮ್ಮ ಬರಹದ ಕರಡನ್ನೂ ಇಡಿ. ‘ಮೇಡಂ, ವಿವರಗಳೆಲ್ಲ ಇದರಲ್ಲಿವೆ, ಪತ್ರ ಮಾತ್ರ ತಮ್ಮ ಮಾತಿನಲ್ಲೇ ಇದ್ದರೆ ನನಗೆ ಅನುಕೂಲ’ ಎಂದು ಕೇಳಿದರೆ ಬೇಸರಪಟ್ಟುಕೊಳ್ಳುವ ಅಧ್ಯಾಪಕರು ಕಡಿಮೆ. ಪತ್ರವನ್ನು ಅಧ್ಯಾಪಕರೇ ನೇರವಾಗಿ ಕಳುಹಿಸಬೇಕೇ, ಕಾಲೇಜಿನ ಲೆಟರ್‌ಹೆಡ್ ಬೇಕೇ, ಮೊಹರು ಬೇಕೇ ಎಂಬುದನ್ನು ಪ್ರಕಟಣೆಯಲ್ಲಿ ನೋಡಿ ಅವರಿಗೆ ಮೊದಲೇ ತಿಳಿಸಿ.

ದಾಖಲೆಗಳ ವಿಚಾರ

ಎಸ್ಸೆಸ್ಸೆಲ್ಸಿ, ಪಿಯುಸಿ ಮತ್ತು ಈವರೆಗಿನ ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನು ಆಗಸ್ಟ್‌ನಲ್ಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮುದ್ರಿತ ಅಂಕಪಟ್ಟಿ ತಡವಾಗಿ ಬರುವುದು ಹೊಸದೇನಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ಬಳಸುವ ಯುಯುಸಿಎಂಎಸ್ ಪೋರ್ಟಲ್‌ನಿಂದ ಇಳಿಸಿಕೊಂಡ ಪ್ರತಿಗೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿಟ್ಟರೆ ಆ ಕೊರತೆ ನೀಗುತ್ತದೆ. ಇನ್ನೊಂದು ತೊಡಕು ನಮ್ಮ ಹೆಸರುಗಳದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದಿದ್ದ ಇನಿಷಿಯಲ್ ಆಧಾರ್‌ನಲ್ಲಿ ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಂದೆಯ ಪೂರ್ತಿ ಹೆಸರು ಸೇರಿರುತ್ತದೆ. ಶಿಷ್ಯವೇತನ ಬ್ಯಾಂಕ್ ಖಾತೆಗೇ ಬರುವುದರಿಂದ, ಅರ್ಜಿಯಲ್ಲಿ ಅಂಕಪಟ್ಟಿಯ ಹೆಸರನ್ನೇ ಬರೆದು, ಖಾತೆಯ ಹೆಸರಿನ ವ್ಯತ್ಯಾಸವನ್ನು ಸಮಯವಿರುವಾಗಲೇ ಸರಿಪಡಿಸಿಕೊಳ್ಳಬೇಕು. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸಬೇಕಾದಲ್ಲಿ ನಿಮ್ಮ ವಿಶ್ವವಿದ್ಯಾಲಯ ಕೊಟ್ಟ ಸೂತ್ರವನ್ನು ಬಳಸಿ, ಸ್ವಂತ ಲೆಕ್ಕ ಬೇಡ.

ಇಮೇಲ್ ವಿಳಾಸ ನಿಮ್ಮ ಹೆಸರನ್ನು ಹೊತ್ತಿರಲಿ ಮತ್ತು ಅದರ ಪಾಸ್‌ವರ್ಡ್ ನಿಮಗೆ ನೆನಪಿರಲಿ. ಸೈಬರ್ ಸೆಂಟರಿನವರು ತಮ್ಮ ವಿಳಾಸವನ್ನು ಹಾಕಿ ಅರ್ಜಿ ತುಂಬಿದ್ದರಿಂದ ಆಯ್ಕೆಯ ಪತ್ರವೇ ಕೈಸೇರದ ವಿದ್ಯಾರ್ಥಿಯನ್ನು ನಾನು ಕಂಡಿದ್ದೇನೆ. ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಅರ್ಜಿ ಸಲ್ಲಿಸಿ, ಸಲ್ಲಿಕೆಯ ಸಂಖ್ಯೆಯನ್ನು ಮುದ್ರಿಸಿ ಇಟ್ಟುಕೊಳ್ಳಿ.

ಆಯ್ಕೆಯ ಪತ್ರ ಬಂದಮೇಲೆ

ಒಪ್ಪಿಗೆಯನ್ನು ಪತ್ರದಲ್ಲಿ ಹೇಳಿದ ಗಡುವಿನೊಳಗೆ ತಿಳಿಸಿ. ಎರಡು ಕಡೆ ಆಯ್ಕೆಯಾಗಿದ್ದರೆ ಒಂದನ್ನು ತಕ್ಷಣ ಬಿಟ್ಟುಕೊಡಿ. ಆ ಜಾಗಕ್ಕೆ ಕಾಯುತ್ತಿರುವ ಇನ್ನೊಬ್ಬ ವಿದ್ಯಾರ್ಥಿ ಎಲ್ಲೋ ಇದ್ದಾನೆ.

ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ಎದುರಾಗುವ ನಿಜವಾದ ಸಮಸ್ಯೆ ಪರೀಕ್ಷೆಯ ವೇಳಾಪಟ್ಟಿ. ಐಐಟಿ, ಐಸರ್‌ಗಳಲ್ಲಿ ಮೇ–ಜುಲೈ ರಜೆ. ನಮ್ಮಲ್ಲಿ ಅದೇ ಹೊತ್ತಿಗೆ ಸಮ ಸೆಮಿಸ್ಟರಿನ ತರಗತಿಯೋ ಪರೀಕ್ಷೆಯೋ ನಡೆಯುತ್ತಿರುತ್ತದೆ. ಇದನ್ನು ಮುಚ್ಚಿಡದೆ, ಆಯ್ಕೆಯಾದ ವಾರದಲ್ಲೇ ಗೈಡ್‌ಗೆ ಬರೆದು ತಿಳಿಸಬೇಕು. ಕಾರ್ಯಕ್ರಮದ ನಿಯಮಗಳು ಅವಕಾಶ ಕೊಡುವಷ್ಟರ ಮಟ್ಟಿಗೆ ದಿನಾಂಕಗಳನ್ನು ಹಿಂದೆ ಮುಂದೆ ಮಾಡಲು ಬಹಳಷ್ಟು ಗೈಡ್‌ಗಳು ಒಪ್ಪುತ್ತಾರೆ. ಅವರಿಗೆ ಕಷ್ಟವಾಗುವುದು ನಡುವೆ ಹದಿನೈದು ದಿನ ಹೇಳದೆ ಕೇಳದೆ ಮಾಯವಾಗುವ ವಿದ್ಯಾರ್ಥಿಯಿಂದ. ಕಾಲೇಜಿನಲ್ಲಿ ಹಾಜರಾತಿಯ ವಿನಾಯಿತಿಗಾಗಿ ಆಯ್ಕೆಪತ್ರದ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಮನೆಯಲ್ಲಿ ಒಪ್ಪಿಸುವುದು, ಅದರಲ್ಲೂ ಹೆಣ್ಣುಮಕ್ಕಳಿಗೆ, ಅರ್ಜಿಗಿಂತ ದೊಡ್ಡ ಪರೀಕ್ಷೆಯಾಗುವುದುಂಟು. ತಂದೆತಾಯಿಯರ ಆತಂಕ ಸುಳ್ಳಲ್ಲ. ಉಳಿದುಕೊಳ್ಳುವುದು ಸಂಸ್ಥೆಯ ಹಾಸ್ಟೆಲ್‌ನಲ್ಲೋ, ಹೊರಗಿನ ಪಿಜಿಯಲ್ಲೋ, ಊಟದ ವ್ಯವಸ್ಥೆ ಏನು, ಸಂಜೆ ಎಷ್ಟು ಹೊತ್ತಿನವರೆಗೆ ಪ್ರಯೋಗಾಲಯದಲ್ಲಿ ಇರಬೇಕಾಗುತ್ತದೆ ಎಂಬುದನ್ನೆಲ್ಲ ಗೈಡ್ ಅಥವಾ ಸಂಸ್ಥೆಯ ಕಚೇರಿಯಿಂದ ಬರಹದಲ್ಲಿ ತಿಳಿದುಕೊಂಡು ಮನೆಯವರ ಮುಂದಿಡಿ. ಹಿಂದಿನ ವರ್ಷ ಹೋಗಿಬಂದ ವಿದ್ಯಾರ್ಥಿನಿಯೊಬ್ಬಳನ್ನು ಅವರೊಡನೆ ಮಾತನಾಡಿಸಿ. ನಾನು ಎರಡು ಸಲ ವಿದ್ಯಾರ್ಥಿನಿಯರ ಮನೆಗೆ ಹೋಗಿ ಕೂತು ಮಾತನಾಡಿದ್ದೇನೆ. ಕೇಳಿದರೆ ನಿಮ್ಮ ಅಧ್ಯಾಪಕರೂ ಬಂದಾರು. ಶಿಷ್ಯವೇತನ ಕೈಗೆ ಬರಲು ತಡವಾಗಬಹುದಾದ್ದರಿಂದ ಮೊದಲ ತಿಂಗಳ ಖರ್ಚಿಗೆ ಹಣ ಹೊಂದಿಸಿಕೊಂಡೇ ಹೊರಡಬೇಕು ಮತ್ತು ರೈಲಿನ ಟಿಕೆಟ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಪ್ರಯಾಣ ವೆಚ್ಚ ಕೇಳುವಾಗ ಅವು ಬೇಕಾಗುತ್ತವೆ.

ಅಲ್ಲಿಗೆ ಹೋದ ಮೊದಲ ದಿನದಿಂದಲೇ ಪ್ರಯೋಗಾಲಯದ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆಯಿರಿ, ಕೆಟ್ಟುಹೋದ ಪ್ರಯೋಗಗಳನ್ನೂ ಸೇರಿಸಿ. ಕೊನೆಯಲ್ಲಿ ಸಲ್ಲಿಸಬೇಕಾದ ವರದಿಯನ್ನು ಅದರಿಂದಲೇ ಕಟ್ಟಬೇಕಾಗುತ್ತದೆ. ಎಂಟನೆಯ ವಾರದಲ್ಲಿ ನೆನಪಿನಿಂದ ಬರೆಯಲು ಹೊರಟವರು ಪರದಾಡುತ್ತಾರೆ. ಅರ್ಥವಾಗದ್ದನ್ನು ಗುಂಪಿನ ಪಿಎಚ್‌ಡಿ ವಿದ್ಯಾರ್ಥಿಗಳ ಬಳಿ ಕೇಳಲು ಸಂಕೋಚಪಡಬೇಡಿ, ಅವರಲ್ಲಿ ಹಲವರು ನಿಮ್ಮಂತೆಯೇ ಸಣ್ಣ ಊರುಗಳಿಂದ ಬಂದವರು.

ಆಯ್ಕೆಯಾಗದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಮೊದಲ ವರ್ಷದ ಬರಹದಲ್ಲಿದ್ದ ಪ್ರಶ್ನೆಯ ಒಂದು ಚಿಕ್ಕ ಭಾಗವನ್ನು ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೇ, ಇರುವ ಸಲಕರಣೆಗಳಿಂದ ಮಾಡಲು ಸಾಧ್ಯವೇ ಎಂದು ಅಧ್ಯಾಪಕರನ್ನು ಕೇಳಿ. ಪಾವಗಡದ ಆ ಹುಡುಗಿಯ ಉದಾಹರಣೆಯಲ್ಲಾದರೆ, ಐದು ಕೊಳವೆಬಾವಿಗಳ ನೀರಿನ ಪಿಎಚ್ ಮತ್ತು ಕ್ಷಾರೀಯತೆಯನ್ನು ಅಳೆಯಲು ನಮ್ಮ ಯಾವ ಪದವಿ ಕಾಲೇಜಿನಲ್ಲೂ ಆಗುತ್ತದೆ; ಅದಕ್ಕೆ ಬ್ಯುರೆಟ್, ಪಿಪೆಟ್, ಸೂಚಕ ದ್ರಾವಣ ಮತ್ತು ಒಂದು ಪಿಎಚ್ ಮೀಟರ್ ಸಾಕು. ಆ ಅಳತೆಗಳ ಪಟ್ಟಿ ಎರಡನೆಯ ಅರ್ಜಿಯಲ್ಲಿ ಇದ್ದರೆ ಅದನ್ನು ಓದುವವರು ಗಮನವಿಟ್ಟೇ ಓದುತ್ತಾರೆ. ಫಲಿತಾಂಶ ಏನೇ ಬಂದರೂ ಶಿಫಾರಸು ಪತ್ರ ಬರೆದುಕೊಟ್ಟ ಅಧ್ಯಾಪಕರಿಗೆ ಅದೇ ದಿನ ತಿಳಿಸಿ. ಮುಂದಿನ ನವೆಂಬರ್‌ನಲ್ಲಿ ಪತ್ರವನ್ನು ಹೇಗೆ ಬದಲಿಸಿ ಬರೆಯಬೇಕೆಂದು ಅವರು ಆಗಿನಿಂದಲೇ ಯೋಚಿಸಬಹುದು.